ಮೂತ್ರನಾಳದಲ್ಲಿ ಕಲ್ಲು ಅಡ್ಡವಾಗಿ ಕಿಡ್ನಿಗೆ ಸೋಂಕು ತಗಲಿದಾಗ, ಕಲ್ಲನ್ನು ತೆಗೆಯದೆ ಮೊದಲು ಸ್ಟೆಂಟ್ (ಮೂತ್ರ ಹರಿದುಹೋಗಲು ಇರಿಸುವ ಕೊಳವೆ) ಹಾಕುವುದೇಕೆ?

ಆ ಹೊತ್ತಿನಲ್ಲಿ ಜೀವಕ್ಕೆ ಅಪಾಯವಿರುವುದು ಕಲ್ಲಿಗಿಂತ ಹೆಚ್ಚಾಗಿ ಅದರ ಹಿಂದೆ ಒತ್ತಡದಲ್ಲಿ ನಿಂತಿರುವ ಸೋಂಕಿತ ಮೂತ್ರದಿಂದ. ಆದ್ದರಿಂದ ಮೊದಲು ಅದು ಹೊರಹರಿಯಲು ದಾರಿ ಮಾಡಿಕೊಡುತ್ತಾರೆ. ಕಲ್ಲನ್ನು ಒಡೆಯಲು ಮೂತ್ರನಾಳದೊಳಗೆ ಎಂಡೋಸ್ಕೋಪ್ ತೂರಿಸಿದಾಗ, ನೋಟ ತಿಳಿಯಾಗಿರಲೆಂದು ಸಲೈನ್ ಹರಿಸಬೇಕಾಗುತ್ತದೆ. ಇದರಿಂದ ಒಳಗಿನ ಒತ್ತಡ ಮತ್ತಷ್ಟು ಏರಿ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗಿದರೆ, ರಕ್ತದೊತ್ತಡ ಕುಸಿದು ಇತರ ಅಂಗಗಳೂ ಸೋಲುವ ಸೆಪ್ಸಿಸ್ ಎಂಬ ಸ್ಥಿತಿ ಉಂಟಾಗಬಹುದು. ಹೀಗಾಗಿ ಮೂತ್ರಕೋಶದ ಮೂಲಕ ಡಿಜೆ ಸ್ಟೆಂಟ್ ಎಂಬ ಮೃದು ಕೊಳವೆಯನ್ನೋ, ಬೆನ್ನಿನ ಕಡೆಯಿಂದ ನೇರವಾಗಿ ಕಿಡ್ನಿಗೆ ಒಂದು ನಳಿಕೆಯನ್ನೋ ಇರಿಸಿ, ಆಂಟಿಬಯಾಟಿಕ್‌ಗಳಿಂದ ಸೋಂಕು ಹತೋಟಿಗೆ ಬಂದ ಮೇಲೆ ಕಲ್ಲನ್ನು ಲೇಸರ್‌ನಿಂದಲೋ ಬೇರೆ ವಿಧಾನದಿಂದಲೋ ಒಡೆದು ತೆಗೆಯುತ್ತಾರೆ.

ಕಿಡ್ನಿಗೆ ಎಷ್ಟು ಹಾನಿಯಾಗಿದೆ ಎಂಬುದನ್ನೂ ಆ ಬಳಿಕವೇ ತೀರ್ಮಾನಿಸುವುದು ಸರಿ, ಏಕೆಂದರೆ ತಡೆಯಿರುವಾಗ ಕುಗ್ಗಿದ ಕಾರ್ಯಸಾಮರ್ಥ್ಯ ತಡೆ ನೀಗಿದ ಮೇಲೆ ಒಂದಿಷ್ಟು ಚೇತರಿಸಿಕೊಳ್ಳಬಹುದು. ಕೆಲವು ವಾರಗಳ ನಂತರದ ಸ್ಕ್ಯಾನ್‌ನಲ್ಲಿಯೂ ಎರಡೂ ಕಿಡ್ನಿಗಳ ಒಟ್ಟು ಕೆಲಸದಲ್ಲಿ ಆ ಕಿಡ್ನಿಯ ಪಾಲು ಸುಮಾರು ಶೇ. 10ಕ್ಕಿಂತ ಕಡಿಮೆಯಿದ್ದು, ನೋವು ಅಥವಾ ಸೋಂಕು ಮರುಕಳಿಸುತ್ತಿದ್ದು, ಇನ್ನೊಂದು ಕಿಡ್ನಿ ಚೆನ್ನಾಗಿದ್ದರೆ ಮಾತ್ರ ಸಾಮಾನ್ಯವಾಗಿ ಕಿಡ್ನಿಯನ್ನೇ ತೆಗೆಯುವ ಮಾತು ಬರುತ್ತದೆ.