ಐದನೇ ದಿನದ ನೆಗೆಟಿವ್

ನಮ್ಮಲ್ಲಿ ಸಲಹೆ ಕೇಳಲು ಬಂದವನಿಗೆ 18 ವರ್ಷ, ಶಾಲೆಯ ಕೊನೆಯ ತರಗತಿ. ಗುರುತು ಹತ್ತುವ ವಿವರಗಳನ್ನು ಬದಲಿಸಿದೆ. ಕೂತವನೇ ಫೋನ್ ಮುಂದೆ ಹಿಡಿದ. ಎಚ್‌ಐವಿ ಕಿಟ್‌ನ ಫೋಟೊ: ಕಿಟ್ ಕೆಲಸ ಮಾಡಿದೆ ಎನ್ನುವ ‘ಸಿ’ ಎದುರು ಒಂದು ಗೆರೆ, ಸೋಂಕು ತೋರಿಸುವ ‘ಟಿ’ ಎದುರು ಖಾಲಿ. ಆ ಖಾಲಿ ಜಾಗವನ್ನು ಎಷ್ಟು ಸಲ ದೊಡ್ಡದು ಮಾಡಿ ನೋಡಿದ್ದನೋ! “ನೆಗೆಟಿವ್ ತಾನೆ? ಮತ್ಯಾಕೆ ನಿದ್ದೆ ಬರ್ತಿಲ್ಲ?”

ಅದೇ ವಯಸ್ಸಿನ ಸಹಪಾಠಿ ಹುಡುಗಿಯೊಂದಿಗೆ ಒಮ್ಮೆ ಕಾಂಡೋಮ್ ಇಲ್ಲದೆ ಸಂಪರ್ಕವಾಗಿತ್ತು. ಬಲವಂತವಿತ್ತೇ ಎಂದು ನೇರವಾಗಿ ಕೇಳಿದಾಗ, ಇಬ್ಬರದೂ ಒಪ್ಪಿಗೆ ಎಂದ. ಟೆಸ್ಟ್ ಮಾಡಿಕೊಂಡದ್ದು ಐದನೇ ದಿನ, ಇಲ್ಲಿಗೆ ಬಂದದ್ದು ಒಂಬತ್ತನೇ ದಿನ. ನಡುವೆ ಗೆಳೆಯ ಕೊಟ್ಟ ಯಾವುದೋ ಆ್ಯಂಟಿಬಯೋಟಿಕ್‌ನ ಎರಡು ಮಾತ್ರೆ ಬೇರೆ ನುಂಗಿದ್ದ.

ಶಾಲೆಯಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳ ಪಾಠ ಆಗಿತ್ತು. ಅವುಗಳ ಹೆಸರು ಪಟಪಟ ಹೇಳಿದ, ಹುಣ್ಣಿನ ಚಿತ್ರಗಳೂ ನೆನಪಿದ್ದವು. ಎಡವಟ್ಟಾದದ್ದು ಅಲ್ಲೇ. ಹುಣ್ಣಿಲ್ಲ, ಹಾಗಾಗಿ ರೋಗವಿಲ್ಲ ಎಂದುಕೊಂಡಿದ್ದ. ಕ್ಲಮಿಡಿಯಾ ತಗುಲಿದ ಬಹುಪಾಲು ಹುಡುಗಿಯರಿಗೆ, ಹುಡುಗರಲ್ಲೂ ಅನೇಕರಿಗೆ, ಏನೂ ಗೊತ್ತಾಗುವುದಿಲ್ಲ. ಸಿಫಿಲಿಸ್‌ನ ಹುಣ್ಣಂತೂ ನೋಯದೆ, ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ಸೋಂಕು ಒಳಗೇ ಉಳಿಯುತ್ತದೆ. ಯಾವ ಪರೀಕ್ಷೆ ಎಷ್ಟು ದಿನಕ್ಕೆ ಎಂಬ ಲೆಕ್ಕವನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಆ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಟ್ಟದ್ದಾಯಿತು. ಕಿಟ್ ಹುಡುಕುವುದು ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಐದು ದಿನಕ್ಕೆ ಅದು ಹುಟ್ಟಿರುವುದಿಲ್ಲ. ಎಚ್‌ಐವಿ ತಡೆಯುವ ತುರ್ತು ಔಷಧಿಯನ್ನು ಸಂಪರ್ಕವಾದ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕು, ಆ ಗಡುವು ಮುಗಿದಿತ್ತು. ಇನ್ನು ಲ್ಯಾಬ್‌ನಲ್ಲಿ ರಕ್ತನಾಳದಿಂದ ರಕ್ತ ತೆಗೆದು ಮಾಡುವ ಆ್ಯಂಟಿಜೆನ್-ಪ್ರತಿಕಾಯ ಪರೀಕ್ಷೆ (ಇದು ವೈರಸ್‌ನ ಅಂಶವನ್ನೂ ಹುಡುಕುತ್ತದೆ) ಸಂಪರ್ಕವಾಗಿ 45 ದಿನಕ್ಕೆ; ಬೆರಳಿಗೆ ಚುಚ್ಚುವ ಕಿಟ್ಟೇ ಸಾಕೆಂದರೆ 90 ದಿನ ಕಾಯಬೇಕು. ಸಿಫಿಲಿಸ್‌ನ ಕೊನೆಯ ಪರೀಕ್ಷೆಯೂ 90ಕ್ಕೆ. ಕ್ಲಮಿಡಿಯಾ, ಗೊನೊರಿಯಾಕ್ಕೆ ಎರಡು ವಾರವಾದ ಮೇಲೆ ಮೂತ್ರ ಪರೀಕ್ಷೆ. ‘ಒಳಗೆ ಕಡ್ಡಿ ಹಾಕ್ತಾರಂತೆ’ ಎಂದು ಹೆದರಿದ್ದ. ಮೂತ್ರ ಕೊಟ್ಟರೆ ಸಾಕು. ಆದರೆ ಅದಕ್ಕೆ ಮೊದಲು ಒಂದು ಗಂಟೆ ಮೂತ್ರಕ್ಕೆ ಹೋಗಿರಬಾರದು, ಹಿಡಿಯಬೇಕಾದದ್ದು ಮೊದಲ 20–30 ಮಿಲಿ. ರೂಢಿಯಂತೆ ನಡುವಿನದನ್ನು ಹಿಡಿದರೆ ಸೋಂಕು ತಪ್ಪಿಸಿಕೊಳ್ಳಬಹುದು. ಗೆಳೆಯನ ಮಾತ್ರೆಯ ವಿಷಯವನ್ನು ವೈದ್ಯರಿಗೆ ಮುಚ್ಚಿಡಬೇಡ ಎಂದೂ ಹೇಳಲಾಯಿತು: ಅರೆಬರೆ ಆ್ಯಂಟಿಬಯೋಟಿಕ್ ಫಲಿತಾಂಶವನ್ನು ಕೆಡಿಸಬಲ್ಲದು, ವೈರಸ್‌ಗೆ ಏನೂ ಮಾಡದು.

ಕಷ್ಟವಾದದ್ದು ಅವಳಿಗೆ ತಿಳಿಸುವ ಮಾತು. ನಾಲ್ಕು ಸಲ ಬರೆದು ಅಳಿಸಿದ. ಕೊನೆಗೆ ಉಳಿದದ್ದು: “ನಾನು ಟೆಸ್ಟ್ ಮಾಡಿಸ್ತಿದ್ದೀನಿ. ನೀನೂ ಮಾಡಿಸ್ಕೊ. ಯಾರಿಂದ ಅಂತ ಅಲ್ಲ.” ಸಂಪರ್ಕವಾಗಿ ಮೂರು ವಾರಕ್ಕೆ ಗರ್ಭಪರೀಕ್ಷೆಯನ್ನೂ ಸೇರಿಸಲು ಹೇಳಿದೆವು.

ಮೂತ್ರದಲ್ಲಿ ಕ್ಲಮಿಡಿಯಾ ಸಿಕ್ಕಿತು. ವೈದ್ಯರು ಬರೆದದ್ದು ಡಾಕ್ಸಿಸೈಕ್ಲಿನ್ 100 ಮಿಗ್ರಾಂ, ದಿನಕ್ಕೆರಡು, ಏಳು ದಿನ. ತುಂಬು ಲೋಟ ನೀರಿನೊಂದಿಗೆ ನುಂಗಬೇಕು, ತಕ್ಷಣ ಮಲಗಿದರೆ ಅನ್ನನಾಳ ಸುಡಬಹುದು. ಅವಳಿಗೂ ಅದೇ ಸೋಂಕಿತ್ತು, ಲಕ್ಷಣ ಒಂದೂ ಇರಲಿಲ್ಲ. ಹಾಗೇ ಬಿಟ್ಟಿದ್ದರೆ ಗರ್ಭನಾಳಕ್ಕೆ ಏರಬಹುದಿತ್ತು. ಇಬ್ಬರ ಚಿಕಿತ್ಸೆಯೂ ಮುಗಿಯುವವರೆಗೆ ಸಂಪರ್ಕ ಬೇಡ. ಒಬ್ಬರೇ ಮಾತ್ರೆ ನುಂಗಿದರೆ ಸೋಂಕು ಮತ್ತೆ ಅಂಟುತ್ತದೆ.

ಅವನ ಹೆಸರೆತ್ತದೆ ಶಾಲೆಗೆ ಕೊಟ್ಟ ಸಲಹೆ ಒಂದೇ: ಹುಣ್ಣಿನ ಸ್ಲೈಡ್‌ಗಳನ್ನು ಅರ್ಧಕ್ಕಿಳಿಸಿ, ಆ ಹೊತ್ತಿನಲ್ಲಿ ದಿನಗಳ ಈ ಪಟ್ಟಿಯನ್ನು ಹಲಗೆಯ ಮೇಲೆ ಬರೆಯಿರಿ. 45ನೇ ದಿನದ ಅವನ ಎಚ್‌ಐವಿ ವರದಿ ನೆಗೆಟಿವ್. ಮೂರು ತಿಂಗಳಿಗೆ ಕ್ಲಮಿಡಿಯಾ ಮರುಪರೀಕ್ಷೆಯೂ, ಸಿಫಿಲಿಸ್‌ನದೂ ಬಾಕಿ ಇವೆ.