ಉದ್ದದ ಜಲ್ಲಿ ದಾರಿಗೆ ಅಂಚು ಬೇಕು ನಿಜ, ಪೂರ್ತಿ ಉದ್ದಕ್ಕೆ ಬೇಕಾ?

ಗೇಟಿನಿಂದ ಮನೆವರೆಗೆ 120 ಮೀಟರ್ ಜಲ್ಲಿ ದಾರಿ ಇದೆ, ಜಲ್ಲಿಯೆಲ್ಲ ಬದಿಗೆ ಹರಡುತ್ತಿದೆ, ಕಾಂಕ್ರೀಟ್ ಅಂಚುಗಲ್ಲಿಗೆ ಕೊಟ್ಟ ಕೊಟೇಷನ್ ನೋಡಿ ತಲೆ ತಿರುಗಿತು, ಕಡಿಮೆ ಖರ್ಚಲ್ಲಿ ಏನು ಮಾಡಬಹುದು ಅಂತ ಕೇಳಿದ್ದೀರಿ. ನಮ್ಮ ದಾರಿಯೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಪುತ್ತೂರು ಕಡೆ ಅಡಿಕೆ ತೋಟದ ಮನೆ. ಮೂರು ಸಲ ಅಂಚು ಕಟ್ಟಿದ್ದೇನೆ. ಎರಡು ಹಾಳಾದವು, ಮೂರನೆಯದು ನಿಂತಿದೆ.

ಮೊದಲು ಲೆಕ್ಕ ಹಾಕಿ. 120 ಮೀಟರ್ ದಾರಿ ಅಂದರೆ ಎರಡು ಬದಿ ಸೇರಿ 240 ಮೀಟರ್ ಅಂಚು. ನಮ್ಮ ಕಡೆಯ ಕೆಂಪುಕಲ್ಲು ಸುಮಾರು 15 ಇಂಚು ಉದ್ದ ಬರುತ್ತದೆ. ಉದ್ದುದ್ದ ಮಲಗಿಸಿದರೂ 630 ಕಲ್ಲು ಬೇಕು. ನಿಮ್ಮ ಊರಿನ ದರಕ್ಕೆ ಗುಣಿಸಿ ನೋಡಿ, ಸಾಗಾಟ ಬೇರೆ. ಅದಕ್ಕೇ ಅಗ್ಗದ ಕಲ್ಲು ಹುಡುಕುವ ಮೊದಲು ಎಲ್ಲೆಲ್ಲಿ ಕಲ್ಲೇ ಬೇಡ ಅಂತ ಹುಡುಕಿ.

ನೇರ ದಾರಿಯಲ್ಲಿ ಜಲ್ಲಿ ಅಷ್ಟಾಗಿ ಹೋಗುವುದಿಲ್ಲ. ಹೋಗುವುದು ತಿರುವಿನಲ್ಲಿ, ಗೇಟಿನ ಹತ್ತಿರ ಬ್ರೇಕ್ ಹಾಕುವಲ್ಲಿ, ಇಳಿಜಾರಿನಲ್ಲಿ, ಮತ್ತೆ ಅಂಗಳದ ಎದುರು ಕಾರು ತಿರುಗಿಸುವ ಜಾಗದಲ್ಲಿ. ಟೈರು ಕಲ್ಲನ್ನು ಅಡ್ಡ ತಳ್ಳುವುದು ಅಲ್ಲೇ ಅಲ್ವಾ? ನಮ್ಮಲ್ಲಿ ಅಂಥ ಜಾಗ ಎಲ್ಲ ಸೇರಿ 70 ಮೀಟರ್ ಆಯಿತು. 185 ಕಲ್ಲಿನಲ್ಲಿ ಮುಗಿಯಿತು.

ಉಳಿದ ಕಡೆಯೂ ಹರಡುತ್ತಿದ್ದರೆ ಮೇಲಿನ ಜಲ್ಲಿ ದಪ್ಪ ಜಾಸ್ತಿ ಆಗಿರಬೇಕು. ಕೆಳಗೆ 40 ಎಂಎಂ ಜಲ್ಲಿ, ಕ್ರಷರ್ ಪುಡಿ (ಜಲ್ಲಿ ಒಡೆಯುವಾಗ ಬರುವ ಕಲ್ಲಿನ ಪುಡಿ) ಹಾಕಿ ಚೆನ್ನಾಗಿ ರೋಲರ್ ಹೊಡೆಸಿರಬೇಕು. ಮೇಲೆ ಬಿಡಿಯಾಗಿ 20 ಎಂಎಂ ಜಲ್ಲಿ ಎರಡು ಇಂಚು ಸಾಕು. ನಾನು ಮೊದಲು ನೋಡಲು ಚೆಂದ ಅಂತ ನಾಲ್ಕು ಇಂಚು ಸುರಿಸಿದ್ದೆ. ಸ್ಕೂಟರ್ ಓಡಿಸುವುದೇ ಸರ್ಕಸ್ ಆಗಿತ್ತು. ಹೊಳೆಯ ಉರುಟು ಕಲ್ಲಂತೂ ಬೇಡ, ಒಂದಕ್ಕೊಂದು ಕಚ್ಚಿ ಕೂರುವುದೇ ಇಲ್ಲ.

ಈಗ ನನ್ನ ಸೋಲುಗಳು. ಮೊದಲ ಸಲ ಅಡಿಕೆ ಮರ ಸೀಳಿ ದಬ್ಬೆ ಮಾಡಿ, ಗೂಟ ಹೊಡೆದು ಕಟ್ಟಿದೆ. ದಬ್ಬೆ ಮನೆಯದ್ದೇ, ಖರ್ಚು ಸೊನ್ನೆ. ನೋಡಲೂ ಲಾಯ್ಕಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒರಲೆ (ಗೆದ್ದಲು) ತಿಂದು ಪುಡಿ. ಒಂದು ವರ್ಷದ ಮಟ್ಟಿಗೆ ಸಾಕು ಅಂದರೆ ಈಗಲೂ ಅದನ್ನೇ ಹೇಳುತ್ತೇನೆ.

ಎರಡನೇ ಸಲ ಸಿಟ್ಟಿನಲ್ಲಿ ಎರಡೂ ಬದಿ ಸಿಮೆಂಟಿನ ಕಟ್ಟೆ ಕಟ್ಟಿಸಿದೆ, ನಾಲ್ಕು ಇಂಚು ಎತ್ತರ, ಎಲ್ಲೂ ಸಂದು ಬಿಡದೆ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ. ಜೂನ್‌ನಲ್ಲಿ ನೀರು ಹೊರಹೋಗಲು ದಾರಿ ಇಲ್ಲದೆ ನಮ್ಮ ದಾರಿಯೇ ತೋಡಾಯಿತು. ಜಲ್ಲಿ ಗೇಟು ದಾಟಿ ಡಾಂಬರು ರಸ್ತೆಗೆ ಹೋಗಿ ಕೂತಿತ್ತು. ಬುಟ್ಟಿ ಹಿಡಿದು ಹೆಕ್ಕಿದ್ದು ಈಗಲೂ ನೆನಪಿದೆ.

ಹಾಗಾಗಿ ಅಂಚಿಗಿಂತ ಮೊದಲು ನೀರಿನ ಕೆಲಸ ಮಾಡಿ. ದಾರಿ ಮೂರು ಮೀಟರ್ ಅಗಲ ಇದ್ದರೆ ನಡು ಭಾಗ ಬದಿಗಿಂತ ನಾಲ್ಕೈದು ಸೆಂಟಿಮೀಟರ್ ಎತ್ತರ ಇರಲಿ. ತಗ್ಗಿನ ಬದಿಯ ಅಂಚಿನಲ್ಲಿ ಎರಡು-ಮೂರು ಮೀಟರಿಗೊಂದು ನಾಲ್ಕು ಬೆರಳಿನ ಸಂದು ಬಿಟ್ಟು, ಅಲ್ಲಿ 40 ಎಂಎಂ ಜಲ್ಲಿ ತುಂಬಿ. ನೀರು ಹೋಗುತ್ತದೆ, ಸಣ್ಣ ಜಲ್ಲಿ ಉಳಿಯುತ್ತದೆ. ಅದರ ಆಚೆ ನೀರು ಹರಿಯಲು ಒಂದು ಕಣಿ ಇರಲೇಬೇಕು.

ಕಲ್ಲು ಕೂರಿಸುವುದು ಸುಲಭ. ಹಗ್ಗ ಕಟ್ಟಿ, ಕಲ್ಲಿನ ಅಗಲಕ್ಕೆ ಚರಂಡಿ ತೋಡಿ, ತಳಕ್ಕೆ ಎರಡು ಇಂಚು ಕ್ರಷರ್ ಪುಡಿ ಹಾಕಿ ಗುದ್ದಿ. ಏಳು ಇಂಚು ಎತ್ತರದ ಕಲ್ಲಾದರೆ ಐದು ಇಂಚು ಮಣ್ಣೊಳಗೆ, ಎರಡು ಇಂಚು ಹೊರಗೆ. ಜಾಸ್ತಿ ಎತ್ತರ ಬಿಟ್ಟರೆ ಗೊಬ್ಬರದ ಲಾರಿ ಒಂದೇ ಸಲಕ್ಕೆ ಮಗುಚಿ ಹಾಕುತ್ತದೆ. ಸಿಮೆಂಟು ಬೇಕಾಗಿರುವುದು ತಿರುವಿನಲ್ಲಿ ಮಾತ್ರ. ಅಲ್ಲೂ ಕಲ್ಲಿನ ಹಿಂಬದಿಗೆ 1:3:6 ಕಾಂಕ್ರೀಟ್ (ಸಿಮೆಂಟು, ಮರಳು, ಜಲ್ಲಿಯ ಪ್ರಮಾಣ) ಒತ್ತಿದರೆ ಸಾಕು. ತಿರುವಿನ ಒಳಬದಿಯಲ್ಲಿ ಲಾರಿಯ ಹಿಂದಿನ ಚಕ್ರ ಒಳಗೆ ಸರಿಯುತ್ತದೆ, ಆ ಕಡೆ ಒಂದು ಮೀಟರ್ ಹೆಚ್ಚು ಅಗಲ ಬಿಡಿ. ಸಾಧ್ಯವಾದರೆ ಅಲ್ಲಿ ಕರಿಕಲ್ಲು ಹಾಕಿ. ಕೆಂಪುಕಲ್ಲಿನ ಮೂಲೆ ಚಕ್ರ ತಾಗಿದರೆ ಉದುರುತ್ತದೆ. ಹೊಸದಾಗಿ ಕೋರೆಯಿಂದ ಬಂದದ್ದು ಇನ್ನೂ ಮೆತ್ತಗೆ, ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಹಳೆ ಮನೆ ಕೆಡವಿದ ಕಲ್ಲು ಸಿಕ್ಕಿದರೆ ಬಿಡಬೇಡಿ. ಅದು ಅಗ್ಗ, ಗಟ್ಟಿ. ಮುಕ್ಕಾದ ಬದಿಯನ್ನು ಮಣ್ಣೊಳಗೆ ಇಟ್ಟರಾಯಿತು.

ಹಳೆ ಮಂಗಳೂರು ಹಂಚನ್ನು ನೆಟ್ಟಗೆ ಹೂಳುವವರಿದ್ದಾರೆ. ಹೂದೋಟಕ್ಕೆ ಸರಿ, ಕಾರು ಓಡಾಡುವಲ್ಲಿ ಒಡೆಯುತ್ತದೆ. ನಮಗೆ ಬಾಸೆಲ್ ಮಿಷನ್ ಮುದ್ರೆಯ ಹಂಚು ನಾಲ್ಕು ಸಿಕ್ಕಿತ್ತು. ಅವರ ಕಾರ್ಖಾನೆ ಮಂಗಳೂರಲ್ಲಿ ಶುರುವಾದದ್ದು 1865ರಲ್ಲಿ. ಅದನ್ನು ಹೂಳಲು ಮನಸ್ಸು ಬರಲಿಲ್ಲ, ಅಟ್ಟದಲ್ಲಿದೆ. ಪ್ಲಾಸ್ಟಿಕ್ ಪಟ್ಟಿ ಬೇಡವೇ ಬೇಡ. ಹುಲ್ಲು ಕತ್ತರಿಸುವ ಮಿಷನ್ನಿನ ದಾರ ತಾಗಿ ಚಿಂದಿಯಾಗುತ್ತದೆ.

ಕಲ್ಲಿಲ್ಲದ ನೇರ ಭಾಗದಲ್ಲಿ ತಗ್ಗಿನ ಬದಿಗೆ ಲಾವಂಚ ನೆಟ್ಟೆ, ಗೇಣಿಗಿಂತ ಹತ್ತಿರ ಹತ್ತಿರ. ಬೇರು ನೇರ ಕೆಳಗೆ ಇಳಿಯುತ್ತದೆ, ಮಣ್ಣು ಹಿಡಿಯುತ್ತದೆ, ಗರಿಕೆಯ ಹಾಗೆ ಜಲ್ಲಿಯೊಳಗೆ ಹಬ್ಬುವುದಿಲ್ಲ. ಆದರೆ ಆಳೆತ್ತರ ಬೆಳೆಯುತ್ತದೆ. ಅಮ್ಮನಿಗೆ ಹಾವಿನ ಹೆದರಿಕೆ, ಹಾಗಾಗಿ ವರ್ಷಕ್ಕೆ ಮೂರು ಸಲ ಮೊಣಕಾಲೆತ್ತರಕ್ಕೆ ಸವರುತ್ತೇನೆ. ಮನೆ ಹತ್ತಿರದ ಹತ್ತು ಮೀಟರಿಗೆ ಮಜ್ಜಿಗೆಹುಲ್ಲು (ನಿಂಬೆಹುಲ್ಲು) ಹಾಕಿದ್ದೇನೆ, ಚಹಾಕ್ಕೂ ಆಗುತ್ತದೆ.

ನೀವು ಈಗಲೇ ಕಲ್ಲು ತರಿಸಬೇಡಿ. ಜೋರು ಮಳೆ ಬರುವಾಗ ಕೊಡೆ ಹಿಡಿದು ದಾರಿ ಉದ್ದಕ್ಕೂ ನಡೆಯಿರಿ, ನೀರು ಎಲ್ಲಿ ಅಡ್ಡ ಹರಿಯುತ್ತದೆ, ಜಲ್ಲಿ ಎಲ್ಲಿ ಗುಡ್ಡೆ ಬೀಳುತ್ತದೆ ಅಂತ ಗೂಟ ಹಾಕಿ ಗುರುತು ಮಾಡಿ. ಮಳೆ ನಿಂತ ಮೇಲೆ, ಮಣ್ಣು ಇನ್ನೂ ಮೆತ್ತಗಿರುವಾಗ ಅಗೆಸಿ. ನಮ್ಮಲ್ಲಿ ಇಬ್ಬರು ಆಳಿಗೆ ನಾಲ್ಕು ದಿನದ ಕೆಲಸ ಆಯಿತು. ನಿಮ್ಮದೂ ಅಡಿಕೆಯ ಊರಾದರೆ ಕೊಯ್ಲು ಶುರುವಾಗುವ ಮೊದಲೇ ಹೇಳಿಡಿ, ಆಮೇಲೆ ಜನ ಸಿಗುವುದಿಲ್ಲ.