ನಿಮ್ಮ ಮನೆಯ ಒಲೆಗೆ ರಜೆ ಯಾವಾಗ?

ದಾವಣಗೆರೆಯ ಓದುಗರೊಬ್ಬರ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಬೇರೆ ಪತ್ರ ಬಿಡಿಸಿದರೂ ಮನಸ್ಸು ಇದಕ್ಕೇ ಬಂದು ನಿಲ್ಲುತ್ತದೆ. ಹಾಗಾಗಿ ಈ ವಾರ ಇದೊಂದೇ.

ವಿಷಯ ಇಷ್ಟು. ಇವರಿಗೆ 44 ವರ್ಷ. ಹಾರ್ಡ್‌ವೇರ್ ಅಂಗಡಿ ಇದೆ. ಹದಿನೆಂಟು ವರ್ಷ ವಾರದ ಏಳೂ ದಿನ ಷಟರ್ ಎತ್ತಿದವರು. ಹೋದ ವರ್ಷ ಬಿಪಿ ಏರಿತು, ನಿದ್ದೆ ಹೋಯಿತು. ಗೆಳೆಯರೊಬ್ಬರು ಯೆಹೂದಿಗಳ ಸಬ್ಬತ್ ಬಗ್ಗೆ ಹೇಳಿದರಂತೆ. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ವ್ಯಾಪಾರ ಇಲ್ಲ, ದುಡ್ಡು ಮುಟ್ಟುವ ಹಾಗಿಲ್ಲ. ಇವರಿಗೆ ಹಿಡಿಸಿತು. ನಾಲ್ಕು ತಿಂಗಳಿಂದ ಭಾನುವಾರ ಅಂಗಡಿ ಬಂದ್, ಫೋನೂ ಬಂದ್. ಆದರೆ ತಂದೆ ದಿನಾ ಬೈಯುತ್ತಾರೆ. 'ಹಳ್ಳಿಯವರು ಪುರುಸೊತ್ತಾಗಿ ಬರೋದೇ ಭಾನುವಾರ, ಕೈಯಾರೆ ಗಿರಾಕಿ ಕಳೀತೀಯ' ಅಂತ. ಅರ್ಧ ದಿನ ತೆಗೆಯಲೋ ಬೇಡವೋ ಎಂಬುದು ಇವರ ಪ್ರಶ್ನೆ.

ತೆಗೆಯಬೇಡಿ. ಪೈಪು ಬೇಕಾದವರು ಸೋಮವಾರ ಬರುತ್ತಾರೆ. ನಿಮ್ಮ ಅಂಗಡಿಯ ಇಬ್ಬರು ಹುಡುಗರ ರಜೆಯ ವಿಷಯ ನೀವು ಬರೆದಿಲ್ಲ. ಅವರಿಗೆ ವಾರಕ್ಕೊಂದು ಪೂರ್ತಿ ದಿನದ ರಜೆ, ಅದೂ ಸಂಬಳ ಹಿಡಿಯದೆ, ಕೊಡಬೇಕೆಂದು ಕರ್ನಾಟಕದ ಅಂಗಡಿಗಳ ಕಾಯ್ದೆ 1961ರಲ್ಲೇ ಹೇಳಿದೆ. ಗಿರಣಿ ಕಾರ್ಮಿಕರ ಭಾನುವಾರದ ರಜೆಗಾಗಿ ಬೊಂಬಾಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದರು. ಮಾಲೀಕರು ಒಪ್ಪಿದ್ದು 1890ರಲ್ಲಿ. ಹತ್ತಿ ಮಿಲ್ಲುಗಳಿಂದ ಬೆಳೆದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಂದೆಯವರಿಗೂ ಇಷ್ಟೇ ಹೇಳಿ. ಅವರು ನಾಲ್ಕು ದಿನ ಬೈದು ಸುಮ್ಮನಾಗುತ್ತಾರೆ.

ನನ್ನನ್ನು ಕಾಡುತ್ತಿರುವುದು ಎರಡನೇ ಪುಟದ ಒಂದು ಸಾಲು. ನೀವು ಖುಷಿಯಿಂದ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. 'ಭಾನುವಾರ ತಮ್ಮನ ಸಂಸಾರ ಬರುತ್ತದೆ, ನನ್ನವಳು ಎಲ್ಲರಿಗೂ ಬೆಣ್ಣೆ ದೋಸೆ ಹಾಕಿ ಕೊಟ್ಟು, ತಾನು ಒಲೆ ಹತ್ತಿರವೇ ನಿಂತು ತಿಂದುಬಿಡುತ್ತಾಳೆ, ಅವಳಿಗೆ ಅಭ್ಯಾಸ.'

ಸ್ವಾಮಿ, ಒಂಬತ್ತು ಜನ. ತಲೆಗೆ ಎರಡರಂತೆ ಹಿಡಿದರೂ ಹದಿನೆಂಟು ದೋಸೆ. ಅದಕ್ಕೆ ಶನಿವಾರ ಮಧ್ಯಾಹ್ನವೇ ಅಕ್ಕಿ ನೆನೆಯಬೇಕು, ಸಂಜೆ ಮಂಡಕ್ಕಿ ಸೇರಿಸಿ ರುಬ್ಬಬೇಕು. ಬೆಳಗ್ಗೆ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಆಮೇಲೆ ಹೆಂಚಿನ ಮುಂದೆ ಒಂದು ಗಂಟೆ. ಒಂದು ದೋಸೆ ತಟ್ಟೆಗೆ ಹೋಗುವಷ್ಟರಲ್ಲಿ ಹಾಲ್‌ನಿಂದ 'ಇನ್ನೊಂದು' ಅಂತ ಕೂಗು. ಕೊನೆಗೆ ಹಿಟ್ಟು ಕೆರೆದು ಹಾಕಿದ, ಅಂಚು ಹರಿದ ದೋಸೆ ಅವರದು. ಎಡಗೈಯಲ್ಲಿ ತಟ್ಟೆ, ಬಲಗೈಯಲ್ಲಿ ಹೆಂಚು ಒರೆಸುವ ಬಟ್ಟೆ. ನಾಲ್ಕು ತಿಂಗಳಿಂದ ನಿಮ್ಮ ಬಿಪಿ ಇಳಿದಿದೆ ಎಂದು ಬರೆದಿದ್ದೀರಿ, ಸಂತೋಷ. ಅವರ ಬಿಪಿ ಯಾರಾದರೂ ನೋಡಿದ್ದಾರಾ?

ನಿಮ್ಮ ಗೆಳೆಯರು ಸಬ್ಬತ್ತಿನ ಅರ್ಧ ಮಾತ್ರ ಹೇಳಿದ್ದಾರೆ. ಬೈಬಲ್ಲಿನ ವಿಮೋಚನಕಾಂಡದಲ್ಲಿ ಆ ದಿನ ಯಾರು ಯಾರು ಕೆಲಸ ಮಾಡಬಾರದು ಎಂಬ ಪಟ್ಟಿಯೇ ಇದೆ. ನೀನು, ಮಗ, ಮಗಳು, ಆಳುಗಳು, ದನಕರು, ನಿನ್ನ ಊರಲ್ಲಿರುವ ಪರದೇಶಿ. ಹೆಂಡತಿಯ ಹೆಸರಿಲ್ಲ. 'ನೀನು' ಅಂದರೆ ಇಬ್ಬರೂ ಸೇರಿಯೇ ಎಂದು ಅರ್ಥ ಹೇಳುವವರಿದ್ದಾರೆ. ನಾನೂ ಹಾಗೇ ಓದಿಕೊಳ್ಳುತ್ತೇನೆ. ಅದೇ ಪುಸ್ತಕ ಮುಂದೆ, ಆ ದಿನ ಮನೆಯಲ್ಲಿ ಬೆಂಕಿ ಹೊತ್ತಿಸಬಾರದು ಎನ್ನುತ್ತದೆ. ಅದಕ್ಕೇ ಆಚಾರ ಪಾಲಿಸುವ ಯೆಹೂದಿ ಮನೆಗಳಲ್ಲಿ ಶುಕ್ರವಾರ ದೀಪ ಹಚ್ಚುವ ಮೊದಲೇ ಅಡುಗೆ ಮುಗಿದಿರುತ್ತದೆ. ಬಿಸಿ ಬೇಕಾದರೆ ಪಾತ್ರೆ ಮೊದಲೇ ಹೊತ್ತಿಸಿಟ್ಟ ಸಣ್ಣ ಉರಿಯ ಮೇಲೆ ಕೂತಿರುತ್ತದೆ. ಯಾರೂ ಹೆಂಚಿನ ಮುಂದೆ ನಿಂತಿರುವುದಿಲ್ಲ.

ನಮ್ಮ ಕಡೆಯ ಹಳ್ಳಿಗಳಲ್ಲೂ ಸೋಮವಾರ ಬಸವಣ್ಣನ ದಿನ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನಮ್ಮಜ್ಜ ಅದನ್ನು ಸಾಯುವವರೆಗೆ ಪಾಲಿಸಿದರು. ಮಳೆ ಬಂದು ಹದ ಹೋಗುತ್ತಿದ್ದರೂ ಹೂಡುತ್ತಿರಲಿಲ್ಲ. ಅಜ್ಜಿಗೆ ಮಾತ್ರ ಸೋಮವಾರವೇ ಕೆಲಸ ಜಾಸ್ತಿ, ಗಂಡಸರೆಲ್ಲ ಮನೆಯಲ್ಲೇ ಇರುತ್ತಿದ್ದರಲ್ಲ. ಎತ್ತಿನ ದಣಿವು ತಿಳಿದ ಮನೆಯಲ್ಲಿ ಅಜ್ಜಿಯ ದಣಿವು ಯಾರಿಗೂ ತಿಳಿಯಲಿಲ್ಲ. ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಮತ್ತೆ ಬರೆಯುತ್ತೇನೆ. ಮನೆಯಲ್ಲಿ ಕೊನೆಗೆ ತಟ್ಟೆ ಹಿಡಿಯುವವರು ಯಾರು ಅಂತ ಮೊದಲು ನೋಡಿ.

ನಿಮಗಿಂತ ನಿಮ್ಮ ತಮ್ಮನ ಮೇಲೆ ನನಗೆ ಹೆಚ್ಚು ಸಿಟ್ಟಿದೆ. 'ಅತ್ತಿಗೆ ಕೈರುಚಿ ಯಾವ ಹೋಟೆಲಲ್ಲೂ ಇಲ್ಲ' ಅಂತಾನಂತೆ. ವಾರ ವಾರ ಬಂದು ಕೈ ತೊಳೆದು ಎದ್ದು ಹೋಗುವವನ ಹೊಗಳಿಕೆಯಿಂದ ಅವರಿಗೇನು ಸಿಕ್ಕಿತು? ಒಂದು ದಿನ ಅವನೂ ಅವನ ಹೆಂಡತಿಯೂ ನಿಮ್ಮಾಕೆಯನ್ನು ಊಟಕ್ಕೆ ಕರೆದದ್ದು ನಿಮ್ಮ ಪತ್ರದಲ್ಲಿ ಎಲ್ಲೂ ಕಾಣಲಿಲ್ಲ.

ನಾನು ಹೇಳುವುದು ಒಂದೇ ಕೆಲಸ. ಶನಿವಾರ ರಾತ್ರಿ ಊಟ ಆದ ಮೇಲೆ ಅಡುಗೆಮನೆಗೆ ಹೋಗಿ ಸಿಲಿಂಡರಿನ ರೆಗ್ಯುಲೇಟರ್ ನೀವೇ ಬಂದ್ ಮಾಡಿ. ಸೋಮವಾರ ಬೆಳಗ್ಗೆಯವರೆಗೆ ಅದನ್ನು ಯಾರೂ ತಿರುಗಿಸಬಾರದು.

ಹೊಟ್ಟೆಗೇನು ಅಂತ ಕೇಳಬೇಡಿ. ಖಡಕ್ ರೊಟ್ಟಿ ವಾರವಾದರೂ ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಗಟ್ಟಿ ಮೊಸರು, ಸೌತೆಕಾಯಿ, ಈರುಳ್ಳಿ. ಸಂಜೆಗೆ ಖಾರ ಮಂಡಕ್ಕಿ, ಬಾಳೆಹಣ್ಣು. ಇದನ್ನೆಲ್ಲ ಶನಿವಾರ ಅಂಗಡಿ ಮುಚ್ಚಿ ಬರುವಾಗ ನೀವೇ ತನ್ನಿ. ಎರಡು ದಿನದ ಅಡುಗೆ ಶನಿವಾರವೇ ಅವರ ತಲೆ ಮೇಲೆ ಬಿದ್ದರೆ ರಜೆ ಕೊಟ್ಟು ಏನು ಬಂತು? ತಂದೆಯವರಿಗೆ ಬಿಸಿ ಟೀ ಬೇಕೇ ಬೇಕು ಅನ್ನುವುದಾದರೆ ವಾಕಿಂಗ್ ಹೋದಾಗ ಹೊರಗೆ ಕುಡಿದು ಬರಲಿ. ತಮ್ಮನಿಗೆ ಶುಕ್ರವಾರವೇ ಫೋನ್ ಮಾಡಿ ಹೇಳಿ. ರೊಟ್ಟಿ ಮೊಸರಿಗೆ ಬರುವುದಾದರೆ ಬರಲಿ.

ಮೊದಲ ಭಾನುವಾರ ನಿಮ್ಮಾಕೆಗೆ ಕೈಕಾಲು ಆಡುವುದಿಲ್ಲ. ಏನೋ ನೆಪ ಮಾಡಿ ಅಡುಗೆಮನೆಗೆ ಹೋಗುತ್ತಾರೆ. ಆಗ ನೀವು ಉಪದೇಶ ಮಾಡಬೇಡಿ. ಚಾಪೆ ಹಾಸಿ, ಅವರ ತಟ್ಟೆಗೆ ಮೊದಲು ಬಡಿಸಿ, ಅವರು ಬಂದು ಕೂರುವವರೆಗೆ ನೀವು ಊಟಕ್ಕೆ ಕೈ ಹಾಕಬೇಡಿ.